ಡ್ರೈವ್‌ಸ್ಪೇಸ್ ಹಾಕಬೇಕಾ, ಬೇಡವಾ: ಹಳೆ ಪೆಂಟಿಯಂ, 20 ಜಿಬಿ ಡಿಸ್ಕ್

ಅಕ್ಕನ ಮಗ ಹೋದ ತಿಂಗಳು ಒಂದು ಪೆಂಟಿಯಂ 133 ಹೊತ್ತುಕೊಂಡು ಬಂದ. ಸ್ನೇಹಿತನ ಮನೆಯ ಅಟ್ಟದಲ್ಲಿ ಇತ್ತಂತೆ. 16 ಎಂಬಿ ರ್ಯಾಮ್, ಸಿಡಿ ಡ್ರೈವ್, ಫ್ಲಾಪಿ ಎಲ್ಲ ಸರಿ ಇದೆ. ಡಿಸ್ಕ್ ಮಾತ್ರ ಸತ್ತಿತ್ತು. ನನ್ನ ಹತ್ತಿರ 20 ಜಿಬಿಯ ಐಡಿಇ ಡಿಸ್ಕ್ ಸುಮ್ನೆ ಬಿದ್ದಿತ್ತು, ಅದನ್ನೇ ಸಿಕ್ಕಿಸಿದೆವು. ಅವನಿಗೆ ಹಳೆ ಡಾಸ್ ಆಟ ಆಡುವ ಹುಚ್ಚು. ನನಗೆ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನ ಹಳೆ ಫೈಲುಗಳನ್ನು ತೆರೆಯುವುದಕ್ಕೆ ಒಂದು ಮೆಷಿನ್ ಬೇಕಿತ್ತು. ಡಾಸ್ 6.22 ಅನ್ನುವ ಹಳೆ ಆಪರೇಟಿಂಗ್ ಸಿಸ್ಟಂ ಹಾಕುತ್ತಾ, ಅದರ ಜೊತೆಗೇ ಬರುವ ಡ್ರೈವ್‌ಸ್ಪೇಸ್, ಅಂದರೆ ಫೈಲುಗಳನ್ನು ಹಿಂಡಿ (ಕಂಪ್ರೆಸ್ ಮಾಡಿ) ಡಿಸ್ಕಿನಲ್ಲಿ ಜಾಗ ಉಳಿಸುವ ಸಾಫ್ಟ್‌ವೇರಿನ ಮಾತೆತ್ತಿದೆ. ಹುಡುಗ ನಕ್ಕ.

"ಮಾಮ, 20 ಜಿಬಿ ಇದೆ. ಡಾಸ್‌ಗೆ ಕಂಪ್ರೆಷನ್ ಯಾಕೆ?"

ನ್ಯಾಯವಾದ ಪ್ರಶ್ನೆ. ಆದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

90ರ ದಶಕದಲ್ಲಿ ನಾನು ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಗಿರಾಕಿಗಳಲ್ಲಿ ಡಿಟಿಪಿ ಸೆಂಟರಿನವರೇ ಜಾಸ್ತಿ. ಲಗ್ನಪತ್ರಿಕೆ, ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಬಸ್ಸು ಹತ್ತುವುದು. ಹೊಸ ಡಿಸ್ಕ್ ಎಂದರೆ ಸಾವಿರಾರು ರೂಪಾಯಿ. ಹಾಗಾಗಿ ಡಿಸ್ಕ್ ತುಂಬಿದ ಕೂಡಲೇ "ಸಾರ್, ಡಬಲ್ ಮಾಡಿಕೊಡ್ತೀರಾ?" ಅಂತ ಕೇಳುತ್ತಿದ್ದರು. ಡಬಲ್ ಅಂದರೆ ಡಬಲ್‌ಸ್ಪೇಸ್, ಡ್ರೈವ್‌ಸ್ಪೇಸಿನ ಹಿಂದಿನ ಅವತಾರ. ಆ ಹೆಸರೇ ಹಾಗಿತ್ತು ನೋಡಿ, ಹಾಕಿದ ತಕ್ಷಣ ಡಿಸ್ಕ್ ಎರಡರಷ್ಟು ಆಗಿಬಿಡುತ್ತದೆ ಅಂತ ಎಲ್ಲರೂ ನಂಬಿದ್ದರು.

ಆಗುತ್ತಿತ್ತಾ? ಕೆಲವು ಕಡೆ ಎರಡಕ್ಕಿಂತ ಜಾಸ್ತಿ ಆಗುತ್ತಿತ್ತು, ಕೆಲವು ಕಡೆ ಏನೂ ಇಲ್ಲ. ಅದಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ. ಡಿಸ್ಕ್ ದೊಡ್ಡದಾದಷ್ಟೂ ಕಂಪ್ರೆಷನ್‌ನಿಂದ ಸಿಗುವ ಜಾಗದಲ್ಲಿ ದೊಡ್ಡ ಪಾಲು ಹಿಂಡುವುದರಿಂದ ಬರುವುದಲ್ಲ. ಪೋಲಾಗುತ್ತಿದ್ದ ಜಾಗ ವಾಪಸ್ ಸಿಗುವುದರಿಂದ ಬರುತ್ತದೆ. ಇದು ತಲೆಗೆ ಹೋದರೆ ಡ್ರೈವ್‌ಸ್ಪೇಸನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು 20 ಜಿಬಿಯ ವಿಷಯ. ಪೆಟ್ಟಿಗೆಯ ಮೇಲೆ 20 ಅಂತ ಬರೆದಿದೆ, ಸರಿ. ಆದರೆ 1996ರ ಸುಮಾರಿನ ಮದರ್‌ಬೋರ್ಡಿನ ಬಯಾಸ್ (ಮೆಷಿನ್ ಹಚ್ಚಿದ ಕೂಡಲೇ ಡಿಸ್ಕ್ ಗುರುತಿಸುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಹೆಚ್ಚೆಂದರೆ 8.4 ಜಿಬಿ ನೋಡುತ್ತದೆ. 1024 ಸಿಲಿಂಡರ್, 255 ಹೆಡ್, 63 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಡಾಸ್ ಬಯಾಸ್ ಮೂಲಕ ಡಿಸ್ಕ್ ಓದುವ ಹಳೆ ಇಂಟರಪ್ಟ್ 13 ದಾರಿಯಲ್ಲಿ ಅದಕ್ಕಿಂತ ಮುಂದೆ ಎಣಿಸುವುದಕ್ಕೆ ಅಂಕಿಯೇ ಇಲ್ಲ. ಇನ್ನೂ ಹಳೆಯ 486 ಬೋರ್ಡುಗಳಲ್ಲಿ ಹೆಡ್ 16ಕ್ಕೇ ನಿಲ್ಲುತ್ತದೆ, ಆಗ ಸಿಗುವುದು ಬರೀ 504 ಎಂಬಿ. ಕೆಲವು ಬಯಾಸ್‌ಗಳು ದೊಡ್ಡ ಡಿಸ್ಕ್ ಕಂಡ ಕೂಡಲೇ ಅಲ್ಲೇ ನೇತುಹಾಕಿಕೊಂಡು ನಿಂತುಬಿಡುತ್ತವೆ. ನಮ್ಮದು ಪುಣ್ಯಕ್ಕೆ 8.4 ಅಂತ ತೋರಿಸಿ ಮುಂದಕ್ಕೆ ಹೋಯಿತು. ಉಳಿದ 11 ಜಿಬಿ ಚಿಲ್ಲರೆ ಇದ್ದೂ ಇಲ್ಲದ ಲೆಕ್ಕ.

ಇದಕ್ಕೆ ಆಗಲೇ ಒಂದು ದಾರಿ ಇತ್ತು. ಡಿಸ್ಕ್ ಮ್ಯಾನೇಜರ್, ಈಝೀ-ಡ್ರೈವ್ ತರಹದ ಸಾಫ್ಟ್‌ವೇರ್. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಕೂತು, ಬಯಾಸ್ ಮಾಡಬೇಕಾದ ಕೆಲಸವನ್ನು ತಾನೇ ಮಾಡುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತವೆ, ತಕರಾರಿಲ್ಲ. ಆದರೆ ಅದರ ಮೇಲೆ ಕಂಪ್ರೆಷನ್ ಹಾಕುವುದು ನನಗೆ ಇಷ್ಟವಿಲ್ಲ. ಫ್ಲಾಪಿಯಿಂದ ಬೂಟ್ ಮಾಡಿದರೆ ಒಂದು ಪದರ ಮಾಯ, ಕೀಲಿ ಒತ್ತುವುದು ತಪ್ಪಿದರೆ ಇನ್ನೊಂದು ಪದರ ಮಾಯ. ರಾತ್ರಿ 11 ಗಂಟೆಗೆ ಗಿರಾಕಿ ಫೋನ್ ಮಾಡಿ "ಡಿ ಡ್ರೈವ್ ಕಾಣ್ತಿಲ್ಲ ಸಾರ್" ಅಂದರೆ ಯಾವ ಪದರ ಹೋಯಿತು ಅಂತ ಹುಡುಕುವುದು? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಇನ್ನು ಡಾಸ್ 6.22. ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡುವ ಪದ್ಧತಿಗಳಲ್ಲಿ ಅದಕ್ಕೆ ಗೊತ್ತಿರುವುದು ಫ್ಯಾಟ್16 ಮಾತ್ರ. ಒಂದು ಪಾರ್ಟಿಷನ್, ಅಂದರೆ ಡಿಸ್ಕಿನ ಒಂದು ಭಾಗ, ಹೆಚ್ಚೆಂದರೆ 2 ಜಿಬಿ. 8.4 ಜಿಬಿಯನ್ನು 2 ಜಿಬಿಯ ನಾಲ್ಕು ತುಂಡು ಮಾಡಿ ಸಿ, ಡಿ, ಇ, ಎಫ್ ಅಂತ ಇಡಬಹುದು. ಹುಡುಗ ಎಫ್‌ಡಿಸ್ಕ್‌ನಲ್ಲಿ ಹಾಗೇ ಮಾಡಲು ಹೊರಟ. ಅಲ್ಲೇ ತಡೆದೆ.

ಯಾಕೆಂದರೆ ಫ್ಯಾಟ್16ರಲ್ಲಿ ಜಾಗ ಹಂಚುವುದು ಕ್ಲಸ್ಟರ್ ಲೆಕ್ಕದಲ್ಲಿ. ಕ್ಲಸ್ಟರ್ ಅಂದರೆ ಒಂದು ಫೈಲಿಗೆ ಕೊಡಬಹುದಾದ ಅತಿ ಚಿಕ್ಕ ತುಂಡು. ಕ್ಲಸ್ಟರುಗಳ ಸಂಖ್ಯೆ 65 ಸಾವಿರ ಚಿಲ್ಲರೆಗೆ ಮುಗಿಯಿತು. ಡಿಸ್ಕ್ ದೊಡ್ಡದಾದರೆ ಕ್ಲಸ್ಟರೂ ದೊಡ್ಡದಾಗಲೇಬೇಕು. 128 ಎಂಬಿವರೆಗೆ 2 ಕೆಬಿ, 256ರವರೆಗೆ 4 ಕೆಬಿ, 512ರವರೆಗೆ 8 ಕೆಬಿ, 1 ಜಿಬಿವರೆಗೆ 16 ಕೆಬಿ, 2 ಜಿಬಿವರೆಗೆ 32 ಕೆಬಿ. ಅಂದರೆ 2 ಜಿಬಿಯ ಡ್ರೈವಿನಲ್ಲಿ ಒಂದು ಸಾಲಿನ ಬ್ಯಾಚ್ ಫೈಲ್ ಕೂಡ 32 ಕೆಬಿ ನುಂಗುತ್ತದೆ. ಒಬ್ಬನೇ ಮಲಗುವುದಕ್ಕೆ ಇಡೀ ಛತ್ರ ಬುಕ್ ಮಾಡಿದ ಹಾಗೆ.

ನನ್ನ ಹತ್ತಿರ ಇರುವ ಹಳೆ ಡಿಟಿಪಿ ಫೋಲ್ಡರಿನ ತರಹದ್ದನ್ನೇ ತೆಗೆದುಕೊಳ್ಳಿ. ಸಣ್ಣ ಸಣ್ಣ ಪತ್ರ, ಬಾರ್ಡರ್ ಡಿಸೈನು, ಪ್ರಿಂಟರ್ ಸೆಟ್ಟಿಂಗು, ಅದು ಇದು. 3,000 ಫೈಲ್, ಒಂದೊಂದು 3 ಕೆಬಿ ಅಂತ ಇಟ್ಟುಕೊಳ್ಳೋಣ. ನಿಜವಾದ ಸರಕು 9,000 ಕೆಬಿ, ಅಂದರೆ ಸುಮಾರು 9 ಎಂಬಿ. 32 ಕೆಬಿ ಕ್ಲಸ್ಟರಿನ ಡ್ರೈವಿನಲ್ಲಿ ಅದು ಹಿಡಿಯುವುದು 96,000 ಕೆಬಿ, ಸುಮಾರು 94 ಎಂಬಿ. 85 ಎಂಬಿ ಗಾಳಿ.

ಈಗ ಡ್ರೈವ್‌ಸ್ಪೇಸ್ ಏನು ಮಾಡುತ್ತದೆ ನೋಡಿ. ನಿಮ್ಮ ಡಿಸ್ಕಿನಲ್ಲಿ ಡಿಆರ್‌ವಿಸ್ಪೇಸ್.000 ಅಂತ ಒಂದು ದೊಡ್ಡ ಗುಪ್ತ ಫೈಲ್ ಮಾಡಿಕೊಳ್ಳುತ್ತದೆ. ನೀವು ನೋಡುವ "ಡ್ರೈವ್" ಅಂದರೆ ಆ ಫೈಲಿನ ಒಳಗಿರುವುದು. ಒಳಗೂ ಒಂದು ಫ್ಯಾಟ್ ಇದೆ, ಕ್ಲಸ್ಟರ್ ಇದೆ. ಆದರೆ ಆ ಕ್ಲಸ್ಟರನ್ನು ಬರೆಯುವಾಗ ಎಷ್ಟು ಸೆಕ್ಟರ್ ಬೇಕೋ ಅಷ್ಟೇ ಬಳಸುತ್ತದೆ. ಸೆಕ್ಟರ್ ಅಂದರೆ ಅರ್ಧ ಕೆಬಿ. ಯಾವ ಕ್ಲಸ್ಟರ್ ಎಲ್ಲಿ ಶುರುವಾಗಿ ಎಷ್ಟು ಸೆಕ್ಟರ್ ಇದೆ ಅಂತ ಬರೆದಿಡುವುದಕ್ಕೆ ಎಂಡಿಫ್ಯಾಟ್ ಅಂತ ಇನ್ನೊಂದು ಪಟ್ಟಿ. 3 ಕೆಬಿಯ ಫೈಲಿಗೆ ಆರು ಸೆಕ್ಟರ್ ಸಾಕು. 3,000 ಫೈಲಿಗೆ 9,000 ಕೆಬಿ. 94 ಎಂಬಿ ಇದ್ದದ್ದು 9 ಎಂಬಿಗೆ ಬಂತು. ಇನ್ನೂ ಒಂದು ಬೈಟನ್ನೂ ಹಿಂಡಿಲ್ಲ!

ಇದನ್ನು ಕಣ್ಣಾರೆ ನೋಡಬೇಕಾ? ಕಂಪ್ರೆಸ್ ಆದ ಡ್ರೈವಿನಲ್ಲಿ ಡಿಐಆರ್ /ಸಿ ಅಂತ ಹೊಡೆಯಿರಿ. ಪ್ರತಿ ಫೈಲಿನ ಪಕ್ಕ 1.8, 2.4 ಅಂತ ಅನುಪಾತ ಬರುತ್ತದೆ. ಆಮೇಲೆ ಡಿಐಆರ್ /ಸಿಎಚ್ ಅಂತ ಹೊಡೆಯಿರಿ. ಈ ಸಲ ಹೊರಗಿನ ಡಿಸ್ಕಿನ ಕ್ಲಸ್ಟರ್ ಲೆಕ್ಕದಲ್ಲಿ ಅನುಪಾತ ತೋರಿಸುತ್ತದೆ. ಸಣ್ಣ ಫೈಲುಗಳಿರುವ ಫೋಲ್ಡರಿನಲ್ಲಿ ಎರಡಕ್ಕೂ ಅಜಗಜಾಂತರ. ಆ ಅಂತರವೇ ಪೋಲು. ಎರಡೂ ಆಯ್ಕೆ ಡಾಸ್‌ನಲ್ಲೇ ಇವೆ, ಯಾರೂ ಬಳಸುತ್ತಿರಲಿಲ್ಲ ಅಷ್ಟೇ.

ಹಾಗಂತ ಇಡೀ ಡಿಸ್ಕಿಗೆ ಹಾಕಿಬಿಡೋಣ ಅನ್ನಬೇಡಿ. ಆಗುವುದೂ ಇಲ್ಲ. ಡಾಸ್‌ನ ಡಬಲ್‌ಸ್ಪೇಸ್, ಡ್ರೈವ್‌ಸ್ಪೇಸ್ ಎರಡರಲ್ಲೂ ಒಳಗಿನ ಕ್ಲಸ್ಟರ್ 8 ಕೆಬಿ. 65 ಸಾವಿರ ಚಿಲ್ಲರೆ ಗುಣಿಸು 8 ಕೆಬಿ ಅಂದರೆ 512 ಎಂಬಿ. ಕಂಪ್ರೆಸ್ ಆದ ಡ್ರೈವ್ ಅದಕ್ಕಿಂತ ದೊಡ್ಡದು ಆಗುವ ಹಾಗಿಲ್ಲ. ವಿಂಡೋಸ್ 95ರ ಪ್ಲಸ್ ಪ್ಯಾಕಿನಲ್ಲಿ ಬಂದ ಡ್ರೈವ್‌ಸ್ಪೇಸ್ 3 ಒಳಗಿನ ಕ್ಲಸ್ಟರನ್ನು 32 ಕೆಬಿ ಮಾಡಿತು. ಅಲ್ಲಿ ಮಿತಿ 2 ಜಿಬಿ. ವಿಂಡೋಸ್ 98ರಲ್ಲಿ ಅದು ಜೊತೆಗೇ ಬಂತು.

ಈ ಮಿತಿಯ ಪರಿಣಾಮ ತಮಾಷೆಯಾಗಿದೆ. 2 ಜಿಬಿಯ ಪಾರ್ಟಿಷನ್ನನ್ನು ಡ್ರೈವ್‌ಸ್ಪೇಸ್ 3ರಲ್ಲಿ "ಡಬಲ್" ಮಾಡಿದರೆ 4 ಜಿಬಿ ಸಿಗುವುದಿಲ್ಲ. 2 ಜಿಬಿಯ ಕಂಪ್ರೆಸ್ ಡ್ರೈವ್ ಒಂದು ಸಿಗುತ್ತದೆ, ಅದು ಹೊರಗಡೆ ಸುಮಾರು 1 ಜಿಬಿ ಜಾಗ ಹಿಡಿಯುತ್ತದೆ, ಉಳಿದ 1 ಜಿಬಿ ಹಾಗೇ ಸಾದಾ ಡ್ರೈವಾಗಿ ಉಳಿಯುತ್ತದೆ. ಒಟ್ಟು 3. ಕೆಟ್ಟ ವ್ಯಾಪಾರವೇನಲ್ಲ. ಆದರೆ ಪರದೆ ಮೇಲೆ ಇದ್ದಕ್ಕಿದ್ದಂತೆ ಎಚ್ ಅಂತ ಒಂದು ಡ್ರೈವ್ ಕಾಣಿಸಿಕೊಂಡಾಗ ಜನ ಗಾಬರಿ ಬೀಳುತ್ತಿದ್ದರು. ಎಚ್ ಯಾಕೆ ಅಂದರೆ, ಇರುವ ಡ್ರೈವಿನ ನಂತರ ನಾಲ್ಕು ಅಕ್ಷರ ಬಿಟ್ಟು ಐದನೆಯದನ್ನು ಅದು ಹಿಡಿಯುತ್ತದೆ. ಸಿ ಮಾತ್ರ ಇದ್ದರೆ ಡಿ, ಇ, ಎಫ್, ಜಿ ಬಿಟ್ಟು ಎಚ್. ಮಧ್ಯದಲ್ಲಿ ಸಿಡಿ ಡ್ರೈವಿಗೋ ಇನ್ನೊಂದು ಡಿಸ್ಕಿಗೋ ಜಾಗ ಇರಲಿ ಅಂತ.

ಹೆಸರು ಬದಲಾದ ಕಥೆಯನ್ನೂ ಹೇಳಿಬಿಡುತ್ತೇನೆ, ಹಳೆ ಡಿಸ್ಕ್ ತೆಗೆಯುವವರಿಗೆ ಬೇಕಾಗುತ್ತದೆ. ಈ ಆಟಕ್ಕೆ ಹೆಸರು ತಂದುಕೊಟ್ಟಿದ್ದು ಅಮೆರಿಕದ ಸ್ಟ್ಯಾಕ್ ಎಲೆಕ್ಟ್ರಾನಿಕ್ಸ್, 1990ರ ಸ್ಟ್ಯಾಕರ್ ಅನ್ನುವ ಸಾಫ್ಟ್‌ವೇರಿನಿಂದ. 1993ರಲ್ಲಿ ಮೈಕ್ರೋಸಾಫ್ಟ್ ಡಾಸ್ 6.0 ಜೊತೆ ಡಬಲ್‌ಸ್ಪೇಸ್ ಕೊಟ್ಟಿತು. ಪೇಟೆಂಟ್ ಮುರಿದಿದ್ದಾರೆ ಅಂತ ಸ್ಟ್ಯಾಕ್ ಕೋರ್ಟಿಗೆ ಹೋಯಿತು. 1994ರ ಫೆಬ್ರವರಿಯಲ್ಲಿ ಜ್ಯೂರಿ ಸ್ಟ್ಯಾಕ್‌ಗೆ 12 ಕೋಟಿ ಡಾಲರ್ ಕೊಡಬೇಕು ಅಂದಿತು. ಮೈಕ್ರೋಸಾಫ್ಟಿನ ಗುಟ್ಟಿನ ಮಾಹಿತಿ ಬಳಸಿದ್ದಕ್ಕೆ ಸ್ಟ್ಯಾಕ್ ಕೂಡ 1.36 ಕೋಟಿ ಡಾಲರ್ ಕೊಡಬೇಕು ಅಂತ ಅದೇ ತೀರ್ಪು. ಆಮೇಲೆ ಬಂದ ಡಾಸ್ 6.21ರಲ್ಲಿ ಕಂಪ್ರೆಷನ್ನೇ ಇಲ್ಲ. ಅದೇ ವರ್ಷ 6.22ರಲ್ಲಿ ಹಿಂಡುವ ವಿಧಾನ ಬದಲಾಯಿಸಿಕೊಂಡು ಡ್ರೈವ್‌ಸ್ಪೇಸ್ ಅನ್ನುವ ಹೆಸರಲ್ಲಿ ವಾಪಸ್ ಬಂತು. ಹಾಗಾಗಿ ನಿಮ್ಮ ಹಳೆ ಡಿಸ್ಕಿನಲ್ಲಿ ಡಿಬಿಎಲ್‌ಸ್ಪೇಸ್.000 ಕಂಡರೆ ಅದು 6.0 ಅಥವಾ 6.2 ಕಾಲದ್ದು.

ಈಗ ಕೆಲಸಕ್ಕೆ ಬರೋಣ. ನಮ್ಮ ಪೆಂಟಿಯಂನಲ್ಲಿ ಹೀಗೆ ಮಾಡಿದೆವು. ಸಿ ಡ್ರೈವ್ 500 ಎಂಬಿ. 512ರ ಒಳಗೆ ಇರುವುದರಿಂದ ಕ್ಲಸ್ಟರ್ 8 ಕೆಬಿಯಲ್ಲೇ ನಿಲ್ಲುತ್ತದೆ, ಪೋಲು ಕಡಿಮೆ. ಇಲ್ಲಿ ಡಾಸ್, ವಿಂಡೋಸ್ 3.1, ಅದರ ಸ್ವಾಪ್ ಫೈಲ್ (ರ್ಯಾಮ್ ಸಾಲದಾಗ ಬಳಸಿಕೊಳ್ಳುವುದು). ಕಂಪ್ರೆಷನ್ ಇಲ್ಲ. ಡಿ ಡ್ರೈವ್ ಪೂರ್ತಿ 2 ಜಿಬಿ, ದೊಡ್ಡ ಫೈಲುಗಳಿಗೆ. ಇಲ್ಲೂ ಕಂಪ್ರೆಷನ್ ಇಲ್ಲ. ದೊಡ್ಡ ಫೈಲಿಗೆ 32 ಕೆಬಿ ಕ್ಲಸ್ಟರ್ ಆದರೂ ಪೋಲಾಗುವುದು ಬಾಲದಲ್ಲಿ ಮಾತ್ರ. ಇ ಡ್ರೈವ್ 1 ಜಿಬಿ, ಅದರಲ್ಲಿ 250 ಎಂಬಿ ತೆಗೆದು ಒಂದು ಕಂಪ್ರೆಸ್ ಡ್ರೈವ್. ಸಣ್ಣ ಫೈಲುಗಳೆಲ್ಲ ಅಲ್ಲಿಗೆ. ಉಳಿದದ್ದನ್ನು ಸದ್ಯಕ್ಕೆ ಮುಟ್ಟಿಲ್ಲ.

ಸಿ ಡ್ರೈವನ್ನು ಕಂಪ್ರೆಸ್ ಮಾಡಬೇಡಿ ಅಂತ ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಡ್ರೈವ್‌ಸ್ಪೇಸ್ ಶುರು ಮಾಡಿದರೆ ಎಕ್ಸ್‌ಪ್ರೆಸ್, ಕಸ್ಟಮ್ ಅಂತ ಎರಡು ಆಯ್ಕೆ ಕೇಳುತ್ತದೆ. ಎಕ್ಸ್‌ಪ್ರೆಸ್ ಒತ್ತಿದರೆ ಸೀದಾ ಸಿ ಡ್ರೈವಿನಲ್ಲಿ ಇರುವುದನ್ನೆಲ್ಲ ಹಿಂಡಲು ಶುರು ಮಾಡುತ್ತದೆ. ನಿಮ್ಮ ಸಿ ಹೋಗಿ ಆ ಗುಪ್ತ ಫೈಲಿನ ಒಳಗೆ ಸೇರಿಕೊಳ್ಳುತ್ತದೆ, ನಿಜವಾದ ಸಿ ಹೋಗಿ ಎಚ್ ಆಗುತ್ತದೆ. ಕಸ್ಟಮ್ ಆರಿಸಿ, ಖಾಲಿ ಜಾಗದಿಂದ ಹೊಸ ಡ್ರೈವ್ ಮಾಡು ಅನ್ನುವುದನ್ನು ಒತ್ತಿದರೆ ಇದ್ದದ್ದೆಲ್ಲ ಇದ್ದ ಹಾಗೇ ಇರುತ್ತದೆ, ಹೊಸ ಅಕ್ಷರದಲ್ಲಿ ಒಂದು ಡ್ರೈವ್ ಸೇರಿಕೊಳ್ಳುತ್ತದೆ. ಕಮಾಂಡ್ ಇಷ್ಟವಿರುವವರು ಡಿಆರ್‌ವಿಸ್ಪೇಸ್ /ಕ್ರಿಯೇಟ್ ಇ: /ಸೈಜ್=250 /ನ್ಯೂಡ್ರೈವ್=ಕೆ: ಅಂತ ಒಂದೇ ಸಾಲಿನಲ್ಲಿ ಮುಗಿಸಬಹುದು. ಇದರಲ್ಲಿ ಹಳೆ ಫೈಲುಗಳನ್ನು ಹಿಂಡುವ ಕೆಲಸ ಇಲ್ಲ, ಹಾಗಾಗಿ ಬೇಗ ಆಗುತ್ತದೆ. ಎಕ್ಸ್‌ಪ್ರೆಸ್ ದಾರಿಯಲ್ಲಿ 486 ಮೆಷಿನ್ನಿನ ತುಂಬಿದ ಡಿಸ್ಕ್ ಅಂದರೆ ರಾತ್ರಿ ಹಚ್ಚಿ ಮನೆಗೆ ಹೋಗಬೇಕಿತ್ತು.

ಏನೇ ಮಾಡುವ ಮೊದಲು ಡಿಸ್ಕಿನ ದೋಷ ಹುಡುಕುವ ಸ್ಕ್ಯಾನ್‌ಡಿಸ್ಕ್ ಓಡಿಸಿ, ಸರ್ಫೇಸ್ ಸ್ಕ್ಯಾನ್ ಸಮೇತ. ಬೇಸರ ಬರುತ್ತದೆ, ಗೊತ್ತು. ಹಳೆ ಡಿಸ್ಕಿನಲ್ಲಿ ಒಂದು ಸೆಕ್ಟರ್ ಕೆಟ್ಟರೆ ಸಾದಾ ಡ್ರೈವಿನಲ್ಲಿ ಒಂದು ಫೈಲ್ ಹೋಗುತ್ತದೆ. ಅದೇ ಸೆಕ್ಟರ್ ಆ ಎಂಡಿಫ್ಯಾಟ್ ಪಟ್ಟಿಯ ಮಧ್ಯೆ ಇದ್ದರೆ ಎಷ್ಟೋ ಫೈಲುಗಳು ಒಟ್ಟಿಗೆ ಹೋಗುತ್ತವೆ.

ಈಗ ಮೆಮೊರಿ. ಆಟ ಆಡುವವರಿಗೆ ಇದೇ ದೊಡ್ಡ ತಲೆನೋವು. ಡಿಆರ್‌ವಿಸ್ಪೇಸ್.ಬಿನ್ ಅನ್ನುವ ಡ್ರೈವರ್ ಕಾನ್ಫಿಗ್.ಸಿಸ್ (ಡಾಸ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ಓದುವುದಕ್ಕೂ ಮೊದಲೇ ಬಂದು, ಡಾಸ್ ಪ್ರೋಗ್ರಾಂಗಳಿಗೆ ಸಿಗುವ 640 ಕೆಬಿ ಮೆಮೊರಿಯ ಮೇಲ್ತುದಿಯಲ್ಲಿ ಕೂರುತ್ತದೆ. ಡಾಸ್ 6.22ರದ್ದು 40 ಕೆಬಿ ಆಸುಪಾಸು ತಿನ್ನುತ್ತದೆ. 600 ಕೆಬಿ ಖಾಲಿ ಬೇಕು ಅಂತ ಹಟ ಮಾಡುವ ಆಟಗಳು ಇದ್ದವಲ್ಲ, ಅವು ಆಗ ಓಡುವುದಿಲ್ಲ. ಪರಿಹಾರ ಸುಲಭ. ಕಾನ್ಫಿಗ್.ಸಿಸ್‌ನಲ್ಲಿ 640 ಕೆಬಿಗಿಂತ ಮೇಲಿನ ಮೆಮೊರಿ ತೆರೆದುಕೊಡುವ ಇಎಂಎಂ386 ಸಾಲಿನ ನಂತರ ಡಿವೈಸ್‌ಹೈ=ಸಿ:\ಡಾಸ್\ಡಿಆರ್‌ವಿಸ್ಪೇಸ್.ಸಿಸ್ /ಮೂವ್ ಅಂತ ಒಂದು ಸಾಲು. ಇದು ಹೊಸ ಡ್ರೈವರ್ ಅಲ್ಲ, ಮೊದಲೇ ಬಂದು ಕೂತಿರುವುದನ್ನು ಎಬ್ಬಿಸಿ ಮೇಲಿನ ಮೆಮೊರಿಗೆ ಕಳಿಸುವುದು ಅಷ್ಟೇ ಇದರ ಕೆಲಸ. ಮೇಲೆ ಜಾಗ ಇಲ್ಲದಿದ್ದರೆ ಹೋಗುವುದಿಲ್ಲ. ಮೆಮ್ /ಸಿ ಹೊಡೆದು ಹೋಯಿತಾ ಇಲ್ಲವಾ ನೋಡಿಕೊಳ್ಳಿ.

ಡ್ರೈವ್‌ಸ್ಪೇಸ್ 3ರ ಡ್ರೈವರ್ ಇನ್ನೂ ದಪ್ಪ, 100 ಕೆಬಿಗಿಂತ ಜಾಸ್ತಿ. ವಿಂಡೋಸ್ 95ರ ಒಳಗೆ ಇದ್ದಾಗ ತೊಂದರೆ ಇಲ್ಲ, ಅಲ್ಲಿ ಬೇರೆ 32 ಬಿಟ್ ಡ್ರೈವರ್ ಕೆಲಸ ವಹಿಸಿಕೊಳ್ಳುತ್ತದೆ. ಬರೀ ಡಾಸ್‌ಗೆ ಇಳಿದರೆ ಗೊತ್ತಾಗುತ್ತದೆ ಅದರ ತೂಕ. ಆಟಕ್ಕಾಗಿ ಮೆಷಿನ್ ಇಟ್ಟುಕೊಂಡವರು 6.22ರದ್ದರಲ್ಲೇ ಇರಿ.

ಇನ್ನೊಂದು ಕೀಲಿ ನೆನಪಿಡಿ. ಎಫ್5 ಒತ್ತಿ ಕಾನ್ಫಿಗ್.ಸಿಸ್ ಬಿಟ್ಟು ಬೂಟ್ ಮಾಡಿದರೂ ಡ್ರೈವ್‌ಸ್ಪೇಸ್ ಬಂದು ಕೂರುತ್ತದೆ. ಅದೂ ಬೇಡ ಅಂದರೆ ಕಂಟ್ರೋಲ್ ಜೊತೆ ಎಫ್5. ನಾವು ಸಿ ಡ್ರೈವನ್ನು ಸಾದಾ ಇಟ್ಟಿದ್ದಕ್ಕೆ ಇದು ಈಗ ತುಂಬಾ ಉಪಯೋಗಕ್ಕೆ ಬರುತ್ತಿದೆ. ಮೆಮೊರಿ ಜಾಸ್ತಿ ಕೇಳುವ ಆಟ ಆಡಬೇಕಾದಾಗ ಹುಡುಗ ಕಂಟ್ರೋಲ್ ಎಫ್5 ಒತ್ತುತ್ತಾನೆ. ಕೆ ಡ್ರೈವ್ ಕಾಣುವುದಿಲ್ಲ, ಅದರ ಪಾಡಿಗೆ ಅದು ಇರುತ್ತದೆ. ಸಿ ಡ್ರೈವೇ ಕಂಪ್ರೆಸ್ ಆಗಿದ್ದರೆ ಡಾಸ್ ಫೋಲ್ಡರೇ ಕಾಣದೆ ಕೂರಬೇಕಿತ್ತು.

ಗಿರಾಕಿಗಳ ಜೊತೆ ಜಗಳಕ್ಕೆ ಕಾರಣವಾಗುತ್ತಿದ್ದದ್ದು ಮಾತ್ರ ಬೇರೆಯೇ. ಖಾಲಿ ಜಾಗದ ಅಂಕಿ. ಕಂಪ್ರೆಸ್ ಡ್ರೈವಿನಲ್ಲಿ ಡಿಐಆರ್ ಹೊಡೆದರೆ ಕೊನೆಗೆ ಬರುವ ಖಾಲಿ ಜಾಗ ನಿಜವಾದದ್ದಲ್ಲ, ಅಂದಾಜು. ಖಾಲಿ ಇರುವ ಸೆಕ್ಟರುಗಳನ್ನು ಒಂದು ಅನುಪಾತದಿಂದ ಗುಣಿಸಿ ತೋರಿಸುತ್ತದೆ. ಆ ಅನುಪಾತ 2 ಅಂತ ಇದ್ದರೆ, 50 ಎಂಬಿ ಖಾಲಿ ಇದ್ದಾಗ 100 ಎಂಬಿ ಅಂತ ತೋರಿಸುತ್ತದೆ. ಆಗ ನೀವು ಜಿಪ್ ಫೈಲ್ ಅಥವಾ ಜೆಪೆಗ್ ಚಿತ್ರ ತುಂಬಿಸಿದರೆ 50 ಎಂಬಿಗೇ "ಡಿಸ್ಕ್ ಫುಲ್". ಅವನ್ನು ಮೊದಲೇ ಹಿಂಡಿ ಆಗಿದೆ, ಇನ್ನೂ ಹಿಂಡಿದರೆ ಏನು ಬರುತ್ತದೆ? "ಅಲ್ಲ ಸಾರ್, ಈಗ ತಾನೇ ನೂರು ತೋರಿಸ್ತಿತ್ತು" ಅಂತ ರಾಗ ಎಳೆಯುತ್ತಿದ್ದರು. ಅವರದ್ದೂ ತಪ್ಪಲ್ಲ.

ತಿರುಗಾಮುರುಗಾ ಕೂಡ ಆಗುತ್ತದೆ. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಕಪ್ಪು-ಬಿಳುಪು ಸ್ಕ್ಯಾನ್ ಮಾಡಿ ಟಿಫ್ ಆಗಿ ಸಾದಾ ಉಳಿಸಿದರೆ 1 ಎಂಬಿ ಚಿಲ್ಲರೆ. ಹಾಳೆಯಲ್ಲಿ ಬಹುಪಾಲು ಬಿಳಿ. ಇಂಥದ್ದನ್ನು ಡ್ರೈವ್‌ಸ್ಪೇಸ್ ಚಿಂದಿ ಮಾಡಿಬಿಡುತ್ತದೆ. ಇಂಥ ಫೈಲುಗಳೇ ತುಂಬಿದ್ದರೆ ಅನುಪಾತ 2 ಸಾಲದು. ಒಳಗೆ ಸೆಕ್ಟರ್ ಇನ್ನೂ ಬೇಕಾದಷ್ಟು ಖಾಲಿ ಇರುತ್ತದೆ, ಆದರೆ ಮೇಲಿನ ಲೆಕ್ಕದಲ್ಲಿ ಕ್ಲಸ್ಟರ್ ಮುಗಿದಿರುತ್ತದೆ. ಸಣ್ಣ ಫೈಲುಗಳದ್ದೂ ಇದೇ ಕಥೆ. ನಮ್ಮ 3,000 ಫೈಲುಗಳು ಹಿಡಿಯುವುದು 9 ಎಂಬಿಯ ಸೆಕ್ಟರ್, ಆದರೆ ಒಳಗಿನ 8 ಕೆಬಿ ಕ್ಲಸ್ಟರ್ ಲೆಕ್ಕದಲ್ಲಿ 24 ಎಂಬಿ ಖರ್ಚು. ಆಗ ಡಿಆರ್‌ವಿಸ್ಪೇಸ್ /ರೇಷಿಯೋ=4 ಕೆ: ಅಂತ ಏರಿಸಬೇಕು. 1ರಿಂದ 16ರವರೆಗೆ ಬಿಡುತ್ತದೆ. ಅನುಪಾತ ಏರಿಸಿದರೆ ಜಾಸ್ತಿ ಹಿಂಡುತ್ತದೆ ಅಂತ ತಿಳಿದು 16 ಕೊಡುವವರು ಇದ್ದರು. ಅದರಿಂದ ಹಿಂಡುವುದು ಒಂದು ಚೂರೂ ಬದಲಾಗುವುದಿಲ್ಲ, ಅಂದಾಜು ಮಾತ್ರ ಬದಲಾಗುತ್ತದೆ. ಮತ್ತೆ 512 ಎಂಬಿಯ ಗೋಡೆ ಇದ್ದೇ ಇದೆ. ಸಣ್ಣ ಫೈಲುಗಳೇ ಬಹಳ ಇದ್ದರೆ 250 ಎಂಬಿಯ ಒಂದರ ಬದಲು 120 ಎಂಬಿಯ ಎರಡು ಮಾಡಿ ಅನುಪಾತ 4 ಕೊಡುವುದು ಜಾಣತನ.

ಡ್ರೈವ್‌ಸ್ಪೇಸ್ 3ರಲ್ಲಿ ನನಗೆ ಬಹಳ ಇಷ್ಟವಾದ ಸೆಟ್ಟಿಂಗ್ ಒಂದಿದೆ. ಹೈಪ್ಯಾಕ್, ಅಲ್ಟ್ರಾಪ್ಯಾಕ್ ಅಂತ ಜಂಬದ ಹೆಸರುಗಳ ಪಕ್ಕದಲ್ಲೇ "ಕಂಪ್ರೆಷನ್ ಬೇಡ" ಅಂತ ಒಂದು ಆಯ್ಕೆ. ಕಂಪ್ರೆಷನ್ ಸಾಫ್ಟ್‌ವೇರಿನಲ್ಲಿ ಇದೆಂಥ ಆಯ್ಕೆ ಅಂತ ಎಲ್ಲರೂ ನಗುತ್ತಿದ್ದರು. ಅದನ್ನು ಒತ್ತಿದರೆ ಫೈಲನ್ನು ಹಿಂಡುವುದಿಲ್ಲ, ಆದರೆ ಸೆಕ್ಟರ್ ಲೆಕ್ಕದಲ್ಲೇ ಜೋಡಿಸಿ ಇಡುತ್ತದೆ. ಪ್ರೊಸೆಸರಿಗೆ ಹಿಂಡುವ ಕೆಲಸ ಇಲ್ಲ, ಪೋಲು ಜಾಗ ಪೂರ್ತಿ ವಾಪಸ್. 1 ಜಿಬಿ, 2 ಜಿಬಿ ಡಿಸ್ಕಿಗೆ ಇದೇ ಸರಿಯಾದ ಸೆಟ್ಟಿಂಗ್ ಅನ್ನುವುದು ನನ್ನ ಅಭಿಪ್ರಾಯ. ಅಲ್ಟ್ರಾಪ್ಯಾಕ್ ಹಾಕಿದ 486ನಲ್ಲಿ ಒಂದು ಫೈಲ್ ತೆರೆಯುವುದರೊಳಗೆ ಕಾಫಿ ಕುಡಿದು ಬರಬಹುದಿತ್ತು.

ಇದನ್ನೆಲ್ಲ ಮುಗಿಸಿದ್ದು ಫ್ಯಾಟ್32. 1996ರಲ್ಲಿ ವಿಂಡೋಸ್ 95ರ ಓಎಸ್ಆರ್2 ಅನ್ನುವ ಪರಿಷ್ಕೃತ ಆವೃತ್ತಿ ಜೊತೆ ಬಂತು. 8 ಜಿಬಿವರೆಗೂ ಕ್ಲಸ್ಟರ್ 4 ಕೆಬಿ. ಪೋಲು ತಾನಾಗಿಯೇ ಹೋಯಿತು, ಪುಕ್ಕಟೆಯಾಗಿ. ಡ್ರೈವ್‌ಸ್ಪೇಸ್ ಫ್ಯಾಟ್32 ಡ್ರೈವನ್ನು ಮುಟ್ಟುವುದೂ ಇಲ್ಲ. ನಿಮ್ಮ ಹಳೆ ಮೆಷಿನ್ನಿನಲ್ಲಿ ವಿಂಡೋಸ್ 98 ಓಡುತ್ತದೆ, ಡಿಸ್ಕ್ ದೊಡ್ಡದಿದೆ ಅಂದರೆ ಫ್ಯಾಟ್32 ಹಾಕಿ, ಕಂಪ್ರೆಷನ್ ಮರೆತುಬಿಡಿ. ನಿಜವಾದ ಡಾಸ್ 6.22 ಬೇಕೇ ಬೇಕು ಅನ್ನುವವರಿಗೆ ಮಾತ್ರ ಈ ಪುರಾಣ.

ಕರೆಂಟಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಡಬಲ್‌ಸ್ಪೇಸ್‌ಗೆ "ಡೇಟಾ ನುಂಗುತ್ತದೆ" ಅನ್ನುವ ಕೆಟ್ಟ ಹೆಸರು ಬಂದದ್ದರಲ್ಲಿ, ಡಿಸ್ಕ್ ಕೆಲಸ ಚುರುಕು ಮಾಡಲು ಡಾಸ್ ಜೊತೆ ಬರುತ್ತಿದ್ದ ಸ್ಮಾರ್ಟ್‌ಡ್ರೈವ್‌ನ ಪಾಲು ದೊಡ್ಡದು. ಡಾಸ್ 6.0ರಲ್ಲಿ ಸ್ಮಾರ್ಟ್‌ಡ್ರೈವ್ ಬರೆಯಬೇಕಾದದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಪ್ರಾಂಪ್ಟ್ ಮೊದಲೇ ತೋರಿಸಿಬಿಡುತ್ತಿತ್ತು. ಕೆಲಸ ಮುಗಿಯಿತು ಅಂತ ಜನ ಸ್ವಿಚ್ ಆರಿಸುತ್ತಿದ್ದರು. ನಮ್ಮ ಕಡೆ ಆರಿಸುವುದೂ ಬೇಕಿರಲಿಲ್ಲ, ಬೇಸಿಗೆಯಲ್ಲಿ ಹೇಳದೆ ಕೇಳದೆ ಲೋಡ್ ಶೆಡ್ಡಿಂಗ್. ಸಾದಾ ಡಿಸ್ಕಿನಲ್ಲಿ ಒಂದು ಫೈಲ್ ಅರ್ಧ ಆಗುತ್ತಿತ್ತು. ಕಂಪ್ರೆಸ್ ಡಿಸ್ಕಿನಲ್ಲಿ ಪಟ್ಟಿಗಳೇ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 6.2ರಲ್ಲಿ ಬರೆದು ಮುಗಿಸಿದ ಮೇಲೆಯೇ ಪ್ರಾಂಪ್ಟ್ ಬರುವ ಹಾಗೆ ಮಾಡಿದರು. ಜೊತೆಗೆ ಡಬಲ್‌ಗಾರ್ಡ್ ಅಂತ ಒಂದು ಕಾವಲು ಬಂತು. ಬೇರೆ ಯಾವುದಾದರೂ ಪ್ರೋಗ್ರಾಂ ಡ್ರೈವರಿನ ಮೆಮೊರಿಯನ್ನು ಕೆಡಿಸಿದ್ದರೆ, ಡಿಸ್ಕಿಗೆ ಬರೆಯುವ ಮೊದಲೇ ಮೆಷಿನ್ ನಿಲ್ಲಿಸಿಬಿಡುತ್ತದೆ. ಸ್ಪೀಡ್ ಸಿಗುತ್ತದೆ ಅಂತ ಡಿಆರ್‌ವಿಸ್ಪೇಸ್.ಐಎನ್ಐ ಫೈಲಿನಲ್ಲಿ ಡಬಲ್‌ಗಾರ್ಡನ್ನು ಸೊನ್ನೆ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಪೆಂಟಿಯಂನಲ್ಲಿ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ವಿಂಡೋಸ್ 3.1ರ ಪರ್ಮನೆಂಟ್ ಸ್ವಾಪ್ ಫೈಲ್ ಕಂಪ್ರೆಸ್ ಡ್ರೈವಿನಲ್ಲಿ ಇರಬಾರದು ಅನ್ನುವುದನ್ನು ಮೇಲೆಯೇ ಹೇಳಬೇಕಿತ್ತು, ಇಲ್ಲಿ ಹೇಳುತ್ತಿದ್ದೇನೆ. ಸಾದಾ ಡ್ರೈವಿನಲ್ಲಿ ಅದಕ್ಕೆ ಜಾಗ ಬಿಡಿ.

ಕೊನೆಯದಾಗಿ, ಹೊಸದಾಗಿ ಹಾಕುವವರಿಗಿಂತ ಹಳೆಯದನ್ನು ತೆಗೆಯಬೇಕಾದವರೇ ಈಗ ಜಾಸ್ತಿ ಸಿಗುತ್ತಾರೆ. ಅಪ್ಪನ ಪ್ರೆಸ್ಸಿನ ಡಿಸ್ಕ್, ಯುಎಸ್‌ಬಿ ಅಡಾಪ್ಟರಿನಲ್ಲಿ ಸಿಕ್ಕಿಸಿದರೆ ಒಂದೇ ಒಂದು ದೊಡ್ಡ ಫೈಲ್ ಕಾಣುತ್ತದೆ, ಬೇರೆ ಏನೂ ಇಲ್ಲ ಅನ್ನುತ್ತಾರೆ. ಆ ಒಂದೇ ಫೈಲಿನಲ್ಲಿ ಎಲ್ಲ ಇದೆ. ಅಳಿಸಬೇಡಿ, ಹೆಸರು ಬದಲಾಯಿಸಬೇಡಿ. ವಿಂಡೋಸ್ ಎಕ್ಸ್‌ಪಿ, 7, 10 ಯಾವುದಕ್ಕೂ ಅದನ್ನು ಓದಲು ಬರುವುದಿಲ್ಲ. ಎನ್‌ಟಿ ಸಾಲಿನ ವಿಂಡೋಸ್‌ಗಳಿಗೆ ಡ್ರೈವ್‌ಸ್ಪೇಸ್ ಗೊತ್ತೇ ಇಲ್ಲ. ಮೊದಲು ಲಿನಕ್ಸ್‌ನಲ್ಲಿ ಡಿಡಿ ಕಮಾಂಡಿನಿಂದ ಇಡೀ ಡಿಸ್ಕಿನ ಇಮೇಜ್ ತೆಗೆದುಕೊಳ್ಳಿ. ಮೂಲ ಡಿಸ್ಕನ್ನು ಎತ್ತಿಡಿ. ಆಮೇಲೆ ಇಮೇಜಿನ ಪ್ರತಿಯನ್ನು 86ಬಾಕ್ಸ್ ತರಹದ ಎಮ್ಯುಲೇಟರಿನಲ್ಲಿ ವಿಂಡೋಸ್ 98ಕ್ಕೆ ಎರಡನೇ ಡಿಸ್ಕಾಗಿ ಕೊಡಿ. ವಿಂಡೋಸ್ 98ರ ಡ್ರೈವ್‌ಸ್ಪೇಸ್‌ಗೆ ಹಳೆ ಡಬಲ್‌ಸ್ಪೇಸೂ ಓದಲು ಬರುತ್ತದೆ. ಡ್ರೈವ್ ತಾನಾಗಿ ಕಾಣದಿದ್ದರೆ ಡ್ರೈವ್‌ಸ್ಪೇಸ್ ತೆರೆದು ಅಡ್ವಾನ್ಸ್ಡ್ ಮೆನುವಿನಲ್ಲಿ ಮೌಂಟ್ ಒತ್ತಿ. ಸ್ಟ್ಯಾಕರಿನದ್ದಾದರೆ ಇದು ಆಗುವುದಿಲ್ಲ, ಸ್ಟ್ಯಾಕರೇ ಬೇಕು.

ಮೌಂಟ್ ಆದ ಮೇಲೆ ಸ್ಕ್ಯಾನ್‌ಡಿಸ್ಕ್ ಕೇಳಿದರೆ ತಕ್ಷಣ ಹೂಂ ಅನ್ನಬೇಡಿ. ಅದು ಸರಿ ಮಾಡುವ ಭರದಲ್ಲಿ ಪಟ್ಟಿಯಲ್ಲಿ ತಾಳೆಯಾಗದ್ದನ್ನು ಕತ್ತರಿಸಿ ಹಾಕುತ್ತದೆ. ಮೊದಲು ಕಾಣುವ ಫೈಲುಗಳನ್ನೆಲ್ಲ ಬೇರೆ ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಪೇಜ್‌ಮೇಕರ್ ಫೈಲಾದರೆ ಜೊತೆಗೆ ಫಾಂಟ್ ಫೋಲ್ಡರನ್ನೂ ತನ್ನಿ. ಆಗಿನ ಕನ್ನಡ ಫಾಂಟುಗಳು ಒಬ್ಬೊಬ್ಬರದ್ದು ಒಂದೊಂದು ಕೋಡಿಂಗ್, ಅದೇ ಫಾಂಟ್ ಇಲ್ಲದಿದ್ದರೆ ತೆರೆದ ಫೈಲಿನಲ್ಲಿ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.